ಮಳೆ ಗುಮಾಸ್ತರ ಭಾನುವಾರಗಳು

ಕಳೆದ ವಾರ, ಬೇವಿನ ಸೊಪ್ಪಿನ ಜೊತೆ ಪೆಟ್ಟಿಗೆಯಲ್ಲಿ ಮಲಗಿದ್ದ ಕಂಬಳಿಗೆ ಸ್ವಲ್ಪ ಬಿಸಿಲು ಕಾಣಿಸೋಣವೆಂದು ಮಹಡಿಯ ಮೇಲೆ ಹರವಿದೆ. ಮೊಮ್ಮಗಳು ತನ್ನ ಮೊಬೈಲು ನೋಡಿ, ಸಂಜೆಯವರೆಗೂ ಬಿಸಿಲೇ ಅಜ್ಜಿ ಎಂದು ಭರವಸೆ ಕೊಟ್ಟಿದ್ದಳು. ತುಮಕೂರಿನ ಸದಾಶಿವನಗರದ ಆಕಾಶಕ್ಕೆ ಆ ವಿಷಯವನ್ನು ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ. ನಾನು ಹುಳಿಗೆ ಒಗ್ಗರಣೆ ಹಾಕುವಷ್ಟರಲ್ಲಿ ದಪ್ಪ ಹನಿ ಶುರುವಾಯಿತು. ಮಂಡಿ ನೋವಿನವಳು ಮೆಟ್ಟಿಲು ಹತ್ತಿ ಮೇಲೆ ಮುಟ್ಟುವಷ್ಟರಲ್ಲಿ ಕಂಬಳಿ ತೊಪ್ಪೆಯಾಗಿತ್ತು. ಒದ್ದೆ ಕಂಬಳಿಯ ವಾಸನೆ ಗೊತ್ತಿದ್ದವರಿಗೆ ಗೊತ್ತು. ಕುರಿ, ಹೊಗೆ, ಮಣ್ಣು ಎಲ್ಲ ಸೇರಿದ ಒಂದು ಘಾಟು. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಅದನ್ನು ಮುಖಕ್ಕೆ ಒತ್ತಿಕೊಂಡು, ಮಳೆಯಲ್ಲೇ ನಿಂತುಬಿಟ್ಟೆ... "ಮಳೆ ಬರಲ್ಲ ಕಣಮ್ಮ, ನಾನ್ ಹೇಳ್ತಿದೀನಲ್ಲ" ಎನ್ನುವ ಆ ದನಿ ಪಕ್ಕದಲ್ಲೇ ಕೇಳಿದಂತಾಯಿತು.

ಐವತ್ತರ ದಶಕದ ಮಾತು. ನನಗೆ ಇಪ್ಪತ್ತು ವರ್ಷ. ತುಮಕೂರಿನ ಮಂಡಿಪೇಟೆಯ ನಮ್ಮ ಮನೆಯಿಂದ ಮೊದಲ ಸಲ ಹೊರಗೆ ಕಾಲಿಟ್ಟು, ಕುಣಿಗಲ್ಲಿನ ಒಂದು ಶಾಲೆಗೆ ಉಪಾಧ್ಯಾಯಿನಿಯಾಗಿ ಹೋಗಿದ್ದೆ. ಒಂಟಿ ಹುಡುಗಿ ಎಲ್ಲಿರುತ್ತಾಳೆ ಎಂಬ ಚಿಂತೆ ನಮ್ಮಪ್ಪನಿಗೆ. ನಾಲ್ಕು ದಿನ ಊರೆಲ್ಲ ಅಲೆದು, ಒಬ್ಬ ಸರ್ಕಾರಿ ಗುಮಾಸ್ತರ ಮನೆಯ ಮುಂದಿನ ಕೋಣೆಯನ್ನು ಗೊತ್ತು ಮಾಡಿದರು. ಗುಮಾಸ್ತರಿಗೆ ನಲವತ್ತರ ಆಸುಪಾಸು, ಅವರ ಹೆಂಡತಿಗೆ ಮೂವತ್ತು ದಾಟಿತ್ತು. ಮಕ್ಕಳಿರಲಿಲ್ಲ. ಹೋದ ದಿನವೇ ಆಕೆ ನನ್ನ ಟ್ರಂಕನ್ನು ತಾವೇ ಒಳಗೆ ಎಳೆದಿಟ್ಟು, ಊಟಕ್ಕೆ ಕೈ ತೊಳಿ ಎಂದರು. ಅವತ್ತಿನಿಂದ ಅವರು ನನಗೆ ಅಕ್ಕ. ಅವರ ಯಜಮಾನರು ಮಾತ್ರ ಕೊನೆಯವರೆಗೂ ಗುಮಾಸ್ತರೇ.

ಊರಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಮಳೆ ಗುಮಾಸ್ತರು ಎಂದು. ಅವರ ಕಚೇರಿಯ ಹಿತ್ತಲಲ್ಲಿ, ತಂತಿ ಬೇಲಿಯ ನಡುವೆ ಮಳೆ ಅಳೆಯುವ ಒಂದು ಡಬ್ಬ ಇತ್ತು. ಮೇಲೊಂದು ಆಲಿಕೆ, ಒಳಗೊಂದು ಸೀಸೆ. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಆ ಸೀಸೆಯ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರಿದು, ಎಷ್ಟು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟು ಎಷ್ಟು ಎಂದು ಪುಸ್ತಕದಲ್ಲಿ ಬರೆಯಬೇಕು. ಹಬ್ಬವಿರಲಿ, ಭಾನುವಾರವಿರಲಿ, ಮೈಯಲ್ಲಿ ಜ್ವರವಿರಲಿ, ಎಂಟೂವರೆಗೆ ಅವರು ಅಲ್ಲಿರುತ್ತಿದ್ದರು. ಅದು ಯಾವ ಇಲಾಖೆಯ ಕಚೇರಿ ಎಂಬುದು ಇಲ್ಲಿ ಬೇಡ. ಮುಂದೆ ಎರಡು ತಪ್ಪು ಲೆಕ್ಕದ ಮಾತು ಬರುವುದಿದೆ, ಅದರಲ್ಲಿ ಒಂದು ನನ್ನದೇ.

ಬಿದ್ದ ಮಳೆಯ ವಿಷಯದಲ್ಲಿ ಅವರ ಲೆಕ್ಕ ಪಕ್ಕಾ. ಬೀಳಲಿರುವ ಮಳೆಯ ವಿಷಯದಲ್ಲಿ ಮಾತ್ರ ಪೂರ್ತಿ ಉಲ್ಟಾ. ಇದು ಅವರಿಗೊಬ್ಬರಿಗೆ ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಗುಮಾಸ್ತರು ಕೊಡೆ ಹಿಡಿದು ಹೊರಟರೆ ಬೀದಿಯ ಹೆಂಗಸರು ಧೈರ್ಯವಾಗಿ ರಾಗಿ ಒಣಹಾಕುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರು ಅಳತೆ ಮುಗಿಸಿ ಬಂದು, ಅಂಗಳದಲ್ಲಿ ನಿಂತು ಕತ್ತು ಮೇಲೆತ್ತಿ, ಇವತ್ತು ಒಂದು ಹನಿಯೂ ಇಲ್ಲ ಎಂದು ಘೋಷಿಸಿದರೆ, ಅಕ್ಕ ಮಾತಾಡದೆ ಹೋಗಿ ಮಾಳಿಗೆಯ ಮೇಲಿನ ಹಪ್ಪಳ ಎತ್ತಿಕೊಂಡು ಬರುತ್ತಿದ್ದರು.

ಆ ಘೋಷಣೆಯಾದರೆ ನಮ್ಮ ತಿರುಗಾಟ ಶುರು. ಅವರಿಗೆ ನಡೆಯುವ ಹುಚ್ಚು. ಮನೆಯಲ್ಲಿ ಕೂತರೆ ಭಾನುವಾರ ಹಾಳಾಯಿತು ಎನ್ನುವ ಜಾತಿ. ಅಕ್ಕ ಬುತ್ತಿ ಕಟ್ಟುತ್ತಿದ್ದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ, ಜೊತೆಗೊಂದಿಷ್ಟು ತಂಬಿಟ್ಟು. ಒಂಬತ್ತಕ್ಕೆ ಹೊರಟರೆ ದೊಡ್ಡಕೆರೆಯ ಏರಿ ಮೇಲೆ ಹೋಗಿ, ಕುದುರೆ ಫಾರಂ ಬೇಲಿಯ ಪಕ್ಕ ಹಾದು, ಮುಂದೆ ಕಾಲು ಕರೆದ ಕಡೆ. ಕುದುರೆಗಳು ಪಡುವಣಕ್ಕೆ ಮುಖ ಮಾಡಿ ನಿಂತರೆ ಮಳೆ ಇಲ್ಲ, ಇರುವೆ ಸಾಲು ಗೋಡೆ ಬಿಟ್ಟು ನೆಲಕ್ಕಿಳಿದರೆ ಮಳೆ ಇಲ್ಲ, ಎದುರು ಮನೆ ಅಜ್ಜಿಯ ಸೊಂಟ ನೋಯದಿದ್ದರೆ ಮಳೆ ಇಲ್ಲವೇ ಇಲ್ಲ. ಹೀಗೆ ದಾರಿಯುದ್ದಕ್ಕೂ ಗುಮಾಸ್ತರ ಶಾಸ್ತ್ರ. ಕುಣಿಗಲ್ ಸೀಮೆಯ ಆಕಾಶ ಅದನ್ನೆಲ್ಲ ಕೇಳಿಸಿಕೊಂಡು, ನಾವು ಯಾವ ಮರವೂ ಇಲ್ಲದ ಬಯಲಿನ ನಟ್ಟನಡುವೆ ಬರುವವರೆಗೆ ಕಾದಿದ್ದು, ಆಮೇಲೆ ಸುರಿಯುತ್ತಿತ್ತು. ನೆನೆದು ಮನೆಗೆ ಬಂದು ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಫಳಫಳ ಬಿಸಿಲು. ಆಗ ಅವರು ಗಂಭೀರವಾಗಿ ಹೊರಗೆ ನೋಡಿ, ನಾನು ಹೇಳಲಿಲ್ಲವಾ ಎನ್ನುತ್ತಿದ್ದರು.

ಹುತ್ರಿದುರ್ಗಕ್ಕೆ ಹೋದ ದಿನ ನೆನಪಿದೆ. ಮಾಗಡಿ ಕಡೆಯ ಬಸ್ಸಿನಲ್ಲಿ ಅರ್ಧ ದಾರಿ, ಉಳಿದದ್ದು ಕಾಲ್ನಡಿಗೆ. ಬೆಟ್ಟದ ಬುಡದಲ್ಲಿ ಬಿಸಿಲು ಎಷ್ಟಿತ್ತೆಂದರೆ ನಾನು ಸೆರಗು ತಲೆಗೆ ಹೊದ್ದಿದ್ದೆ. ಕೋಟೆಯ ಮೊದಲ ಬಾಗಿಲು ದಾಟಿ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಬೀಸಿತು ನೋಡಿ ಗಾಳಿ, ಅದರ ಹಿಂದೆಯೇ ಆಲಿಕಲ್ಲು. ಮೂವರೂ ಓಡಿ ಒಂದು ಬಂಡೆಯ ಅಡಿಗೆ ನುಗ್ಗಿದೆವು. ಅಲ್ಲಿ ಆಗಲೇ ಒಬ್ಬ ಕುರಿಯವನು, ಅವನ ಹನ್ನೆರಡು ಕುರಿಗಳು ಜಾಗ ಹಿಡಿದಿದ್ದವು. ನಾವು ನಡುಗುವುದನ್ನು ನೋಡಿ ಅವನು ತನ್ನ ಕಂಬಳಿ ಕೊಪ್ಪೆಯನ್ನು ಬಿಚ್ಚಿ, ಅಕ್ಕನಿಗೂ ನನಗೂ ಸೇರಿಸಿ ಹೊದಿಸಿದ. ಆ ವಾಸನೆ ಅವತ್ತು ಮೂಗಿಗೆ ಹತ್ತಿದ್ದು, ಇನ್ನೂ ಬಿಟ್ಟಿಲ್ಲ. ಗುಮಾಸ್ತರು ಮಾತ್ರ ಆಲಿಕಲ್ಲು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ, ಇದು ಮಳೆಯಲ್ಲ, ಆಲಿಕಲ್ಲು, ಆದ್ದರಿಂದ ತಮ್ಮ ಮಾತು ಸುಳ್ಳಾಗಲಿಲ್ಲ ಎಂದು ಕುರಿಯವನಿಗೆ ವಾದ ಹೇಳುತ್ತಿದ್ದರು. ಅವನು ಎಲ್ಲ ಕೇಳಿ, "ನೀವು ಸರ್ಕಾರದೋರು ಬುಡಿ ಸ್ವಾಮಿ" ಎಂದ. ಅಕ್ಕ ನಕ್ಕು ನಕ್ಕು ಬುತ್ತಿ ಬಿಚ್ಚಲಾಗದೆ ನನ್ನ ಕೈಗೆ ಕೊಟ್ಟರು.

ತಂಬಿಟ್ಟು ಹಂಚುವಾಗ ನಾನು ಅಭ್ಯಾಸಬಲದಿಂದ ಲಾಭ, ಎರಡು, ಮೂರು ಎಂದು ಎಣಿಸಿದೆ. ನಮ್ಮ ಮಂಡಿಪೇಟೆಯ ಮನೆಯಲ್ಲಿ ರಾಗಿ ಅಳೆದರೂ ಕಾಯಿ ಎಣಿಸಿದರೂ ಅಜ್ಜಿ ಒಂದು ಎನ್ನುತ್ತಿರಲಿಲ್ಲ. ಮೊದಲನೆಯದು ಲಾಭ. ಹಾಗೆ ಶುರು ಮಾಡಿದರೆ ಮನೆಗೆ ಒಳ್ಳೆಯದು ಎಂದು ನಂಬಿಕೆ. ಗುಮಾಸ್ತರು ಆಲಿಕಲ್ಲು ಚೀಪುತ್ತಲೇ, ಸರ್ಕಾರದ ಪುಸ್ತಕದಲ್ಲಿ ಲಾಭ ಅನ್ನುವ ನಂಬರು ಇಲ್ಲ ಮೇಷ್ಟ್ರಮ್ಮ ಎಂದು ರೇಗಿಸಿದರು. ನಾನೂ ನಕ್ಕೆ. ಆ ಕುರಿಯವನ ಕೈಲೇ ಹೇಳಿಸಿ ಅಕ್ಕ ಒಂದು ಕಂಬಳಿ ನೇಯಿಸಿಕೊಂಡರು. ಆಮೇಲಿನ ತಿರುಗಾಟಗಳಿಗೆಲ್ಲ ಅದು ಗುಮಾಸ್ತರ ಹೆಗಲ ಮೇಲೆ ಇದ್ದೇ ಇರುತ್ತಿತ್ತು.

ನಮ್ಮ ತಿರುಗಾಟಕ್ಕೆ ಇದ್ದ ಕಟ್ಟುಪಾಡು ಒಂದೇ. ಎಷ್ಟು ದೂರ ಹೋದರೂ ಅವತ್ತೇ ವಾಪಸು. ಮಾರನೆಯ ಬೆಳಗಿನ ಎಂಟೂವರೆ ಅವರನ್ನು ಹಗ್ಗ ಹಾಕಿ ಎಳೆಯುತ್ತಿತ್ತು. ಒಮ್ಮೆ ಹೆಬ್ಬೂರಿನಲ್ಲಿ ಬಸ್ಸು ಕೆಟ್ಟು ನಿಂತಾಗ, ಡ್ರೈವರು ಬೆಳಿಗ್ಗೆ ನೋಡೋಣ ಎಂದ ಕೂಡಲೇ ಅವರು ಕಂಬಳಿ ಹೊದ್ದು ಕುಣಿಗಲ್ಲಿನ ಕಡೆ ನಡೆಯುವುದಕ್ಕೇ ಶುರು ಮಾಡಿದ್ದರು. ಒಂದು ತೆಂಗಿನಕಾಯಿ ಗಾಡಿ ಸಿಕ್ಕಿದ್ದು ನಮ್ಮ ಪುಣ್ಯ.

ಅಕ್ಕನ ತವರು ಗುಬ್ಬಿ. ಅಲ್ಲಿ ಅವರ ತೆಂಗಿನ ತೋಟದ ಅಂಚಿನಲ್ಲಿ ದೊಡ್ಡದೊಂದು ನೆಲ್ಲಿಮರವಿತ್ತು. ಕಾರ್ತಿಕದ ಒಂದು ಭಾನುವಾರ ಬಂಧುಬಳಗವೆಲ್ಲ ಸೇರಿ ಅದರ ಕೆಳಗೆ ಅಡುಗೆ ಮಾಡಿ ವನಭೋಜನ ಮಾಡುವುದು ಆ ಮನೆಯ ಪದ್ಧತಿ. ಅಕ್ಕ ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಮೊದಲ ದೀಪಾವಳಿಗೆ ಅಳಿಯನಾಗಿ ಹೋಗಿ ಬಂದದ್ದು ಬಿಟ್ಟರೆ, ಗುಮಾಸ್ತರು ಗುಬ್ಬಿಯಲ್ಲಿ ಒಂದು ರಾತ್ರಿಯೂ ತಂಗಿರಲಿಲ್ಲ. ಅಕ್ಕನ ಅಪ್ಪ ತೀರಿಕೊಂಡಾಗಲೂ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು. ಅಕ್ಕ ಒಬ್ಬರೇ ಹೋದರೆ ಅತ್ತಿಗೆಯರು ಬಾಗಿಲಲ್ಲೇ, ಅಳಿಯಂದಿರು ಬರಲಿಲ್ಲವಾ ಎಂದು ಕೇಳುತ್ತಿದ್ದರಂತೆ. ಆ ಪ್ರಶ್ನೆಗೆ ಹೆದರಿ ಹೋಗುವುದನ್ನೇ ಕಮ್ಮಿ ಮಾಡಿದ್ದರು. ಒಂದು ದಿನ ಅವರೆಕಾಯಿ ಸುಲಿಯುತ್ತಾ, ಒಂದೇ ಒಂದು ಸಲ ಇವರ ಜೊತೆ ಆ ನೆಲ್ಲಿಮರದ ಕೆಳಗೆ ಕೂತು ಉಣ್ಣಬೇಕು ಕಣೇ ಎಂದರು. ಹೇಳಿದ್ದು ನಗುತ್ತಲೇ. ಆದರೆ ನನಗೆ ಸಂಕಟವಾಯಿತು.

ಮಳೆ ಅಳೆಯುವುದನ್ನು ನನಗೆ ಕಲಿಸಿ, ನೀವಿಬ್ಬರೂ ಹೋಗಿ ಬನ್ನಿ ಎಂದು ನಾನೇ ಗುಮಾಸ್ತರಿಗೆ ಹೇಳಿದೆ. ಅವರು ಸುಮ್ಮನೆ ಒಪ್ಪುವ ಆಸಾಮಿಯಲ್ಲ. ಮುಂಗಾರಿನಿಂದ ಕಾರ್ತಿಕದವರೆಗೆ ನನ್ನನ್ನು ಬೆಳಿಗ್ಗೆ ಬೆಳಿಗ್ಗೆ ಕಚೇರಿಯ ಹಿತ್ತಲಿಗೆ ಕರೆದೊಯ್ದು ಪರೀಕ್ಷೆ ಮಾಡಿದರು. ಲೋಟ ನೆಟ್ಟಗೆ ಹಿಡಿಯಬೇಕು, ಕಣ್ಣು ನೀರಿನ ಮಟ್ಟಕ್ಕೆ ಇಳಿಯಬೇಕು. ಒಂದು ಲೋಟಕ್ಕೆ ಅರ್ಧ ಇಂಚು. ಜಾಸ್ತಿ ಮಳೆಯಾಗಿದ್ದರೆ ಲೋಟ ತುಂಬಿ, ಎಣಿಸಿ, ಚೆಲ್ಲಿ, ಮತ್ತೆ ತುಂಬಬೇಕು. ಕೊನೆಗೆ ಅವರ ಮೇಲಧಿಕಾರಿಗಳೂ, ಅದಕ್ಕೇನಂತೆ ಹೋಗಿ ಬನ್ನಿ ಎಂದ ಮೇಲೆ, ಒಂದು ಶನಿವಾರ ಅಳತೆ ಮುಗಿಸಿ ಗಂಡಹೆಂಡತಿ ಗುಬ್ಬಿಗೆ ಹೊರಟರು. ಅಕ್ಕ ಮದುವೆಯ ಸೀರೆ ಉಟ್ಟಿದ್ದರು. ಗುಮಾಸ್ತರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಆಕಾಶ ನೋಡಿ, "ಮಳೆ ಬರಲ್ಲ ಕಣಮ್ಮ. ನಿಂಗೆ ಬರೀ ಸೊನ್ನೆ ಬರಿಯೋ ಕೆಲ್ಸ" ಎಂದರು. ನಾನು ಮನೆಗೆ ಹೋದವಳೇ ಕೊಡೆ ಹುಡುಕಿ ಇಟ್ಟುಕೊಂಡೆ.

ಭಾನುವಾರ ಬೆಳಿಗ್ಗೆ ಸೊನ್ನೆಯೇ. ದೊಡ್ಡದಾಗಿ, ಗುಂಡಗೆ ಬರೆದೆ. ಮಧ್ಯಾಹ್ನಕ್ಕೆ ಮೋಡ ಕಟ್ಟಿತು. ಮದ್ರಾಸಿನ ಕಡೆ ಸೈಕ್ಲೋನಂತೆ ಎಂದು ಯಾರೋ ಅಂದರು. ಶುರುವಾದದ್ದು ಸೋಮವಾರ ಬೆಳಕು ಹರಿದ ಮೇಲೆಯೇ ನಿಂತಿದ್ದು. ಎಂಟೂವರೆಗೆ ಕೊಡೆ ಹಿಡಿದು ಹಿತ್ತಲಿಗೆ ಹೋದೆ. ಸೀಸೆ ಎತ್ತಿದರೆ ಕೈ ಜಗ್ಗುವಷ್ಟು ಭಾರ. ಒಂದು ಕೈಯಲ್ಲಿ ಲೋಟ, ಒಂದು ಕೈಯಲ್ಲಿ ಸೀಸೆ, ಕೊಡೆ ಕಂಕುಳಲ್ಲಿ. ಸುರಿದೆ, ಎಣಿಸಿದೆ, ಚೆಲ್ಲಿದೆ. ಕೊನೆಯ ಲೋಟವೂ ಗೆರೆಗೆ ಸರಿಯಾಗಿ ತುಂಬಿತು. ಬಾಯಿ ಐದು ಎಂದಿತು. ನೀರು ಚೆಲ್ಲಿ, ಪೆನ್ನು ತೆಗೆದು, ಐದು ಲೋಟಕ್ಕೆ ಎರಡೂವರೆ ಇಂಚು ಎಂದು ಬರೆಯಲು ಹೋದವಳು ನಿಂತೆ.

ಮೊದಲ ಲೋಟಕ್ಕೆ ನಾನು ಲಾಭ ಎಂದಿದ್ದೆ. ಅದು ಚೆನ್ನಾಗಿ ನೆನಪಿತ್ತು. ಅಂದ ಕೂಡಲೇ ಹುತ್ರಿದುರ್ಗದ ಬಂಡೆಯ ಅಡಿಯ ಮಾತು ನೆನಪಾಗಿ, ಇದು ಸರ್ಕಾರದ ಲೆಕ್ಕ ಎಂದು ನಾಲಿಗೆ ಕಚ್ಚಿಕೊಂಡಿದ್ದೂ ನೆನಪಿತ್ತು. ಆಮೇಲೆ ಎರಡನೆಯ ಲೋಟಕ್ಕೆ ಎರಡು ಎಂದೆನೋ, ತಪ್ಪು ತಿದ್ದಿಕೊಳ್ಳುವ ಗಡಿಬಿಡಿಯಲ್ಲಿ ಒಂದು ಎಂದೆನೋ... ಎಷ್ಟು ತಲೆ ಚಚ್ಚಿಕೊಂಡರೂ ಹೊಳೆಯಲಿಲ್ಲ. ಎರಡು ಎಂದಿದ್ದರೆ ಐದು ಲೋಟ, ಎರಡೂವರೆ ಇಂಚು. ಒಂದು ಎಂದಿದ್ದರೆ ಆರು ಲೋಟ, ಮೂರು ಇಂಚು. ನೀರೆಲ್ಲ ಆಗಲೇ ಮಣ್ಣು ಸೇರಿತ್ತು.

ಆ ಬೆಳಿಗ್ಗೆ ನಾನು ಪಟ್ಟ ಪಾಡು ನನಗೇ ಗೊತ್ತು. ಯಾವುದೋ ಒಂದು ಬರೆದುಬಿಟ್ಟರೆ ಕೇಳುವವರು ಯಾರು. ನಿಜ ಹೇಳಿದರೆ ಗುಮಾಸ್ತರು ಇನ್ನು ಜನ್ಮದಲ್ಲಿ ಊರು ಬಿಡುವುದಿಲ್ಲ, ಅಕ್ಕನಿಗೆ ಸಿಕ್ಕಿದ್ದು ಈ ಒಂದೇ ವನಭೋಜನ. ಸುಳ್ಳು ಬರೆದರೆ, ಜ್ವರದಲ್ಲೂ ಎದ್ದು ಬಂದು ಆ ಮನುಷ್ಯ ಬರೆದ ಸಾಲಿನ ಕೆಳಗೆ ನನ್ನ ಸುಳ್ಳು ಕೂರುತ್ತದೆ. ಪೆನ್ನಿನ ಶಾಯಿ ಒಣಗುವವರೆಗೆ ನಿಂತಿದ್ದೆ. ಕೊನೆಗೆ ಆ ದಿನದ ಲೆಕ್ಕದ ಮನೆಯನ್ನು ಖಾಲಿ ಬಿಟ್ಟು, ಪುಸ್ತಕ ಮುಚ್ಚಿ, ಶಾಲೆಗೆ ಹೋದೆ.

ಸಂಜೆ ಬಂದರೆ ಮನೆ ತುಂಬ ನಗು. ಅಕ್ಕನ ಮದುವೆಯ ಸೀರೆಗೆ ಮೊಣಕಾಲವರೆಗೆ ಕೆಸರು. ನೆಲ್ಲಿಮರದ ಕೆಳಗೆ ಎಲೆ ಹಾಕಿ ಪಾಯಸ ಬಡಿಸಿದ ತಕ್ಷಣ ಮಳೆ ಇಳಿಯಿತಂತೆ. ಯಾರೂ ಏಳಲಿಲ್ಲವಂತೆ. ಒಬ್ಬರು ತಲೆಯ ಮೇಲೆ ಮೊರ, ಒಬ್ಬರು ಬಾಳೆ ಎಲೆ, ಗುಮಾಸ್ತರಂತೂ ಇದೇ ಕಂಬಳಿಯನ್ನು ತಮಗೂ ಅಕ್ಕನಿಗೂ ಸೇರಿಸಿ ಹೊದ್ದು ಕೂತು, ಮಳೆ ನೀರು ಬೆರೆತ ಪಾಯಸವನ್ನು ಎರಡು ಸಲ ಹಾಕಿಸಿಕೊಂಡರಂತೆ. ಅತ್ತಿಗೆಯರು ನೋಡಿ ನೋಡಿ ನಕ್ಕರಂತೆ. ಹೇಳುತ್ತಾ ಅಕ್ಕನ ಮುಖ ನೋಡಬೇಕಿತ್ತು. ಅಷ್ಟರಲ್ಲಿ ಗುಮಾಸ್ತರು ಕೈ ಉಜ್ಜಿಕೊಳ್ಳುತ್ತಾ, "ಎಷ್ಟು ಬಂತು ಮೇಷ್ಟ್ರಮ್ಮ ನಮ್ಮೂರಲ್ಲಿ?" ಎಂದರು.

ಹೇಳಿದೆ. ಲಾಭ ಎಂದದ್ದು, ಆಮೇಲೆ ತಪ್ಪಿದ್ದು, ಎಲ್ಲ. ಅಕ್ಕನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಗುಮಾಸ್ತರು ಒಂದೇ ಪ್ರಶ್ನೆ ಕೇಳಿದರು.

"ಪುಸ್ತಕದಲ್ಲಿ ಏನ್ ಬರ್ದೆ?"

"ಏನೂ ಬರ್ದಿಲ್ಲ ಸಾರ್. ಖಾಲಿ ಬಿಟ್ಟಿದೀನಿ."

ಅವರು ಗೋಡೆಗೆ ಒರಗಿ ಕೂತರು. ಬೈಯುತ್ತಾರೆ ಎಂದುಕೊಂಡೆ. ಅವರು ತಮ್ಮ ಮೊದಲ ದೀಪಾವಳಿಯ ಕಥೆ ಹೇಳತೊಡಗಿದರು. ಕೆಲಸಕ್ಕೆ ಸೇರಿದ ಹೊಸತು, ಜವಾನನಿಗೆ ಅಳೆಯಲು ಹೇಳಿ ಗುಬ್ಬಿಗೆ ಹೋಗಿದ್ದರು. ಜವಾನನೂ ಹಬ್ಬಕ್ಕೆ ಊರಿಗೆ ಹೋಗಿದ್ದ. ಎರಡು ದಿನ ಬಿಟ್ಟು ಬಂದು ನೋಡಿದರೆ ಎರಡು ದಿನದ ಮಳೆ ಒಂದೇ ಸೀಸೆಯಲ್ಲಿ ಕೂಡಿತ್ತು. ಯಾವ ದಿನ ಎಷ್ಟು ಎಂದು ಹೇಳುವವರಿಲ್ಲ. ಭಯಕ್ಕೆ, ಅಣ್ಣತಮ್ಮಂದಿರಿಗೆ ಜಮೀನು ಹಂಚಿದ ಹಾಗೆ ಅರ್ಧ ಅರ್ಧ ಹಂಚಿ ಬರೆದುಬಿಟ್ಟರು. ಯಾರೂ ಕೇಳಲಿಲ್ಲ. ಆ ಎರಡು ಸಾಲು ಮಾತ್ರ ಪುಸ್ತಕ ತೆಗೆದಾಗಲೆಲ್ಲ ಅವರ ಕಣ್ಣಿಗೆ ಚುಚ್ಚುತ್ತಿತ್ತು. ಮತ್ತೆ ಯಾರಿಗೂ ಆ ಡಬ್ಬ ವಹಿಸುವುದಿಲ್ಲ ಎಂದು ಅವತ್ತು ಮಾಡಿಕೊಂಡ ಶಪಥವೇ ಅವರನ್ನು ಕಟ್ಟಿಹಾಕಿದ್ದು.

ಅಕ್ಕ ಲೋಟ ಕೆಳಗಿಟ್ಟರು. "ನಮ್ಮಪ್ಪ ಕೊಟ್ಟ ಉಂಗುರ ನಿಮ್ಮ ಬೆರಳಿಗೆ ಹಿಡೀಲಿಲ್ಲ ಅಂತ ಕೋಪ ಮಾಡ್ಕೊಂಡಿದೀರ ಅನ್ಕೊಂಡಿದ್ದೆ. ಅವರೂ ಹಂಗೇ ಅನ್ಕೊಂಡೇ ಹೋದ್ರು" ಎಂದರು.

ಗುಮಾಸ್ತರಿಗೆ ಉಂಗುರದ ನೆನಪೇ ಇರಲಿಲ್ಲ. ಬಾಯಿ ತೆರೆದು ಹೆಂಡತಿಯನ್ನೇ ನೋಡಿದರು. ಆಮೇಲೆ ಆ ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು ಬಂತು. ನಾನು ನನ್ನ ಕೋಣೆಗೆ ಜಾರಿಕೊಂಡೆ. ಅರ್ಧ ಗಂಟೆ ಒಳಗಿನಿಂದ ಪಿಸುಮಾತು ಕೇಳುತ್ತಿತ್ತು, ಆಮೇಲೆ ಅಕ್ಕ ಊಟಕ್ಕೆ ಕರೆದರು.

ಮಾರನೆಯ ದಿನ ಗುಮಾಸ್ತರು ನನ್ನ ಖಾಲಿ ಮನೆಯ ಪಕ್ಕ, ಅಳತೆ ತಪ್ಪಿದೆ ಎಂದು ಬರೆದು ಸಹಿ ಹಾಕಿದರಂತೆ. ಹಳೆಯ ಪುಸ್ತಕ ಹುಡುಕಿ ತೆಗೆಸಿ, ಆ ದೀಪಾವಳಿಯ ಎರಡು ಸಾಲಿನ ಪಕ್ಕವೂ ಹಾಗೇ ಬರೆದು ಮೇಲಿನವರಿಗೆ ತೋರಿಸಿದರಂತೆ. ಮೇಲಿನವರು ಕಣ್ಣಾಡಿಸಿ, ಸರಿ ಎಂದು ಚಹ ತರಿಸಿದರು, ಅಷ್ಟೇ. ಹನ್ನೆರಡು ವರ್ಷದ ಭಾರ ಒಂದು ಲೋಟ ಚಹದಲ್ಲಿ ಇಳಿಯಿತು. ಸಂಜೆ ಮನೆಗೆ ಬಂದವರು ನನ್ನ ಕೈಗೆ ಒಂದು ಹಳೆಯ ನಶ್ಯದ ಡಬ್ಬಿ ಕೊಟ್ಟರು. ಒಳಗೆ ಹತ್ತು ಹುಣಸೆ ಬೀಜ. "ಒಂದು ಲೋಟಕ್ಕೆ ಒಂದು ಬೀಜ ಪಕ್ಕಕ್ಕಿಡು. ಬಾಯಲ್ಲಿ ಲಾಭ ಅಂತಾದ್ರೂ ಅನ್ಕೊ, ನಷ್ಟ ಅಂತಾದ್ರೂ ಅನ್ಕೊ. ಮುಂದಿನ ತಿಂಗಳು ಎಡೆಯೂರಿಗೆ ಹೋಗ್ತಿದೀವಿ, ಎರಡು ದಿನ" ಎಂದರು. ಅಕ್ಕ ಒಳಗಿನಿಂದಲೇ, ಅದಿರಲಿ, ಇವತ್ತು ರಾತ್ರಿ ಮಳೆ ಬರುತ್ತಾ ಕೇಳು ಎಂದರು. ಬರಲ್ಲ ಎಂದರು ಅವರು. ನಾನು ಹೊರಗೆ ಒಣಗಿದ್ದ ಬಟ್ಟೆ ಎತ್ತಲು ಎದ್ದೆ.

ಮೂರು ವರ್ಷ, ಅವರು ಊರು ಬಿಟ್ಟಾಗಲೆಲ್ಲ ನಾನೇ ಅಳೆದೆ. ಅವರು ಎಷ್ಟು ಊರು ನೋಡಿದರೋ, ಎಷ್ಟು ಸಲ ನೆನೆದರೋ ಲೆಕ್ಕವಿಲ್ಲ. ನನಗೆ ಮದುವೆಯಾಗಿ ತುಮಕೂರಿಗೆ ವರ್ಗವಾದಾಗ ಅಕ್ಕ ಈ ಕಂಬಳಿಯನ್ನು ಟ್ರಂಕಿನೊಳಗೆ ಇಟ್ಟರು. ಅರವತ್ತರ ದಶಕದಲ್ಲಿ ಅವರಿಬ್ಬರೂ ನಮ್ಮ ಮನೆಗೆ ಬಂದಾಗ, ನನ್ನ ಯಜಮಾನರನ್ನೂ ಸೇರಿಸಿಕೊಂಡು ದೇವರಾಯನದುರ್ಗ ಹತ್ತಿದ್ದೆವು. ಮೋಡವೇ ಇಲ್ಲದ ದಿನ. ಗುಮಾಸ್ತರು ಯಾಕೋ ಅವತ್ತು ಮಳೆ ಬರಬಹುದು ಎಂದರು. ಬರಲಿಲ್ಲ. ನಾಲ್ವರೂ ನಾಲ್ಕು ಕೊಡೆ ಹೊತ್ತು ಬಿಸಿಲಲ್ಲಿ ಬೆವತು ಇಳಿದೆವು. ಈಗಲೂ ಆ ಬೆಟ್ಟದ ಸುದ್ದಿ ಬಂದರೆ ನಗು ಬರುತ್ತದೆ.

ಆಮೇಲೆ ಅವರಿಗೆ ದೂರಕ್ಕೆ ವರ್ಗವಾಯಿತು, ನಿವೃತ್ತಿಯಾದ ಮೇಲೆ ಗುಬ್ಬಿಯಲ್ಲೇ ನೆಲೆಸಿದರು. ಮೊದಲು ಗುಮಾಸ್ತರು ಹೋದರು, ಎರಡು ವರ್ಷದ ಮೇಲೆ ಅಕ್ಕ...

ವರಾಂಡದಲ್ಲಿ ಹರವಿದ ಕಂಬಳಿ ಇನ್ನೂ ಪೂರ್ತಿ ಒಣಗಿಲ್ಲ. ಮಹಡಿಯ ಮೂಲೆಯಲ್ಲಿ ನನ್ನದೊಂದು ನೆಟ್ಟಗಿನ ಸ್ಟೀಲ್ ಡಬ್ಬವಿದೆ. ಮಳೆ ಬಂದ ಮಾರನೆಯ ಬೆಳಿಗ್ಗೆ ಎಂಟೂವರೆಗೆ ಅದಕ್ಕೆ ಸ್ಕೇಲು ಇಳಿಸಿ ನೋಡಿ ಬರೆದಿಡುತ್ತೇನೆ, ಮಳೆ ಬಾರದಿದ್ದರೆ ಸೊನ್ನೆ. ಇಷ್ಟು ವರ್ಷದ ಪುಸ್ತಕಗಳು ಒಂದರ ಮೇಲೊಂದು ಕಪಾಟಿನಲ್ಲಿವೆ. ಇದು ಯಾರಿಗೆ ಅಜ್ಜಿ ಎಂದು ಮೊಮ್ಮಗಳು ನಗುತ್ತಾಳೆ. ನಿನ್ನೆ ಒಂದು ಹಳೆಯ ಪುಸ್ತಕ ತೆಗೆದು ಅವಳಿಗೆ ತೋರಿಸಿದೆ. ಸಾಲಾಗಿ ಸೊನ್ನೆ, ಇಂಚು, ಮತ್ತೆ ಸೊನ್ನೆ, ನಡುವೆ ಒಂದು ದಿನ ಮಾತ್ರ ಏನೂ ಇಲ್ಲ. ಗುಮಾಸ್ತರು ಹೋದರೆಂದು ತಿಳಿದು ಆ ಬೆಳಿಗ್ಗೆ ನಾನು ಗುಬ್ಬಿಯ ಬಸ್ಸಿನಲ್ಲಿದ್ದೆ. ತುಮಕೂರಿನಲ್ಲಿ ಮಳೆ ಬಂದಿತ್ತೋ ಇಲ್ಲವೋ, ನಾನು ನೋಡಿಲ್ಲ.